ಮಿಸ್ಸಿನ ಮೇಲೊಂದು ಅರ್ಜಿ

ನಮ್ಮ ವಸಂತಪುರದ ಹೆಂಗಸರಿಗೆ ಅರ್ಜಿ ಬರೆಯುವುದು ಹೊಸದಲ್ಲ. ಮೂರು ದಿನ ನೀರು ಬರದಿದ್ದರೆ ಅರ್ಜಿ, ಬೀದಿ ದೀಪ ಕೆಟ್ಟರೆ ಅರ್ಜಿ, ಕಸದ ಗಾಡಿ ನಮ್ಮ ಅಡ್ಡರಸ್ತೆಗೆ ಬಾರದೆ ತಿರುಗಿಹೋದರೆ ಅರ್ಜಿ. ಗುಡ್ಡದ ಮೇಲಿನ ವಸಂತ ವಲ್ಲಭರಾಯನ ದರ್ಶನ ಮುಗಿಸಿ ಇಳಿಯುವಷ್ಟರಲ್ಲಿ ಹತ್ತು ಸಹಿ ಕೂಡಿಸಿಕೊಂಡು ಬರುವ ಜಾಣೆಯರು ನಮ್ಮಲ್ಲಿದ್ದಾರೆ. ನನ್ನ ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ಬರೆಯುವ ಕೆಲಸ ಬಹಳ ಸಲ ನನ್ನ ಪಾಲಿಗೆ ಬರುತ್ತದೆ. ‘ಮಾನ್ಯರೇ’ ಎಂದು ಶುರುಮಾಡಿ ‘ತಮ್ಮ ವಿಶ್ವಾಸಿಗಳು’ ಎಂದು ಮುಗಿಸುವುದರಲ್ಲಿ ಕೈ ಪಳಗಿಬಿಟ್ಟಿದೆ. ಆದರೆ ನೀರಿನ ಆಫೀಸಿಗೂ ವಿದ್ಯುತ್ ಆಫೀಸಿಗೂ ಹೆದರದ ಈ ಧೈರ್ಯಸ್ಥೆಯರು ಒಂದು ಅರ್ಜಿಯ ಮುಂದೆ ಮಾತ್ರ ಪೆನ್ನು ಕೆಳಗಿಟ್ಟುಬಿಡುತ್ತಾರೆ. ಅದು ಮಗುವಿನ ಶಾಲೆಯ ಮಿಸ್ಸಿನ ಮೇಲೆ, ಇಲ್ಲವೇ ಮೇಷ್ಟ್ರ ಮೇಲೆ ಬರೆಯಬೇಕಾದ ಅರ್ಜಿ.

ಯಾಕೆಂದು ಕೇಳಿದರೆ ಎರಡು ಉತ್ತರ ಬರುತ್ತವೆ. ‘ನಾವು ಬರೆದುಕೊಟ್ಟು ಮನೆಗೆ ಬರ್ತೀವಿ, ಮಗು ನಾಳೆ ಅದೇ ಕ್ಲಾಸಲ್ಲಿ ಕೂತ್ಕೋಬೇಕಲ್ಲ?’ ಎಂಬುದು ಒಂದು. ‘ಎಷ್ಟಾದರೂ ಗುರು, ಅವರ ಮೇಲೆ ದೂರು ಹೇಳಿದರೆ ವಿದ್ಯೆ ಹತ್ತುತ್ತದೆಯೇ?’ ಎಂಬುದು ಇನ್ನೊಂದು. ಮೊದಲನೆಯದು ಭಯ, ಎರಡನೆಯದು ಭಕ್ತಿ. ಎರಡೂ ಸೇರಿದರೆ ಎಂಥ ತಾಯಿಯ ಬಾಯಿಯೂ ಕಟ್ಟಿಹೋಗುತ್ತದೆ. ಚಿಕ್ಕಂದಿನಲ್ಲಿ ನಮಗೆ ಚಾಡಿ ಹೇಳಬಾರದೆಂದು ಕಲಿಸಿದರು, ಸರಿಯೇ. ಆದರೆ ಚಾಡಿ ಬೇರೆ, ದೂರು ಬೇರೆ ಎಂಬುದನ್ನು ಯಾರೂ ಕಲಿಸಲಿಲ್ಲ. ಚಾಡಿಯನ್ನು ಕಿವಿಯಲ್ಲಿ ಹೇಳುತ್ತಾರೆ, ಕೆಳಗೆ ಹೆಸರು ಇರುವುದಿಲ್ಲ. ದೂರನ್ನು ಬರೆದು, ಹೆಸರು ಹಾಕಿ, ಎದುರಿನವರು ಉತ್ತರ ಕೊಡಲಿ ಎಂದು ಕೊಡುತ್ತಾರೆ.

ಗುರುಭಕ್ತಿಯ ಮಾತು ಬಂದಾಗಲೆಲ್ಲ ನಮ್ಮ ಹಿರಿಯರು ಶಾಸ್ತ್ರವನ್ನು ಎಳೆದು ತರುತ್ತಾರಲ್ಲ, ಶಾಸ್ತ್ರ ನಿಜವಾಗಿ ಏನು ಹೇಳುತ್ತದೆ ನೋಡೋಣ ಎಂದು ನಾನು ಪುಸ್ತಕ ತೆಗೆದು ಕುಳಿತೆ. ಸಿಕ್ಕಿದ್ದು ಕಂಡು ನನಗೇ ಆಶ್ಚರ್ಯವಾಯಿತು. ಗೌತಮ ಧರ್ಮಸೂತ್ರದ ಪ್ರಕಾರ ಶಿಷ್ಯನನ್ನು ಹೊಡೆಯದೆಯೇ ತಿದ್ದಬೇಕು. ಬೇರೆ ದಾರಿಯೇ ಇಲ್ಲದಿದ್ದರೆ ತೆಳುವಾದ ಹಗ್ಗ ಅಥವಾ ತೆಳುವಾದ ಬಿದಿರುಕಡ್ಡಿ, ಅಷ್ಟೆ. ಅದನ್ನು ಮೀರಿ ಬೇರೆ ಯಾವುದರಿಂದ ಹೊಡೆದರೂ ಆ ಗುರುವನ್ನು ರಾಜನು ದಂಡಿಸಬೇಕು. ರಾಜ ದಂಡಿಸಬೇಕಾದರೆ ಯಾರೋ ಒಬ್ಬರು ರಾಜನವರೆಗೆ ಹೋಗಿ ಹೇಳಿರಬೇಕಲ್ಲವೇ? ಅಂದರೆ ಗುರುವಿನ ಮೇಲೆ ದೂರು ಹೇಳುವ ಬಾಗಿಲು ಎರಡು ಸಾವಿರ ವರ್ಷಕ್ಕೂ ಹಿಂದೆಯೇ ನಮ್ಮಲ್ಲಿ ತೆರೆದಿತ್ತು.

ಮನುಸ್ಮೃತಿಯ ಎಂಟನೆಯ ಅಧ್ಯಾಯವೂ ಹಗ್ಗ, ಬಿದಿರು ಸೀಳಿನ ಮಾತನ್ನೇ ಆಡುತ್ತದೆ. ಬೆನ್ನಿನ ಮೇಲೆ ಮಾತ್ರ ಹೊಡೆಯಬಹುದು, ತಲೆಯ ಮೇಲೆ ಕೂಡದು, ಮೀರಿದವನಿಗೆ ಕಳ್ಳನಿಗಾಗುವ ದೋಷ ಎನ್ನುತ್ತದೆ. ಆದರೆ ಹಾಗೆ ಹೊಡೆಸಿಕೊಳ್ಳಬೇಕಾದವರ ಪಟ್ಟಿಯಲ್ಲಿ ಯಾರು ಯಾರಿದ್ದಾರೆಂದು ಗಮನಿಸಿ: ಹೆಂಡತಿ, ಮಗ, ದಾಸ, ಶಿಷ್ಯ, ಒಡಹುಟ್ಟಿದ ತಮ್ಮ. ನಾವೂ ನಮ್ಮ ಮಕ್ಕಳೂ ಒಂದೇ ಸಾಲಿನಲ್ಲಿ ನಿಂತಿದ್ದೇವೆ. ಹೆಂಡತಿಯನ್ನು ಹೊಡೆಯುವುದು ಸಂಸಾರದ ಒಳಗಿನ ವಿಷಯ ಎನ್ನುತ್ತಿದ್ದ ಕಾಲವನ್ನು ದಾಟಿ ಬಂದ ನಾವು, ಮಗುವನ್ನು ಹೊಡೆಯುವುದು ಕ್ಲಾಸಿನ ಒಳಗಿನ ವಿಷಯ ಎಂದು ಈಗಲೂ ಸುಮ್ಮನಿರಬೇಕೆ?

ದೂರು ಹೇಳಲಾರದ ತಂದೆತಾಯಿ ಏನು ಮಾಡುತ್ತಾರೆ? ಮೇಷ್ಟ್ರನ್ನು ಮನೆಗೆ ಊಟಕ್ಕೆ ಕರೆಯುತ್ತಾರೆ. ಇದು ನಮ್ಮ ಕಾಲದ ಉಪಾಯವೆಂದು ತಿಳಿದಿದ್ದೆ. ಅಲ್ಲ, ಅದಕ್ಕೆ ನಾಲ್ಕು ಸಾವಿರ ವರ್ಷದ ವಯಸ್ಸು. ಈಗಿನ ಇರಾಕಿನಲ್ಲಿದ್ದ ಸುಮೇರಿಯದ ಜೇಡಿಮಣ್ಣಿನ ಹಲಗೆಗಳಲ್ಲಿ ಒಬ್ಬ ಶಾಲಾಹುಡುಗನ ಕಥೆ ಇದೆ. ಸ್ಯಾಮ್ಯುಯೆಲ್ ನೋವಾ ಕ್ರೇಮರ್ ಎಂಬ ವಿದ್ವಾಂಸರು ಚೂರುಗಳನ್ನು ಜೋಡಿಸಿ 1949ರಲ್ಲಿ ಅದನ್ನು ಪ್ರಕಟಿಸಿದರು. ತಡವಾಗಿ ಬಂದದ್ದಕ್ಕೆ ಏಟು, ಮಾತಾಡಿದ್ದಕ್ಕೆ ಏಟು, ಎದ್ದು ನಿಂತದ್ದಕ್ಕೆ ಏಟು, ಅಕ್ಷರ ಸರಿಯಿಲ್ಲವೆಂದು ಏಟು. ಹುಡುಗನ ದಿನವೆಲ್ಲ ಹೀಗೇ. ಕೊನೆಗೆ ಅವನೇ ತಂದೆಗೆ ಹೇಳಿ ಗುರುವನ್ನು ಮನೆಗೆ ಕರೆಸುತ್ತಾನೆ. ತಂದೆ ಗುರುವಿಗೆ ಊಟ ಹಾಕಿ, ಹೊಸ ಬಟ್ಟೆ ಉಡಿಸಿ, ಬೆರಳಿಗೆ ಉಂಗುರ ತೊಡಿಸುತ್ತಾನೆ. ಕೂಡಲೇ ಅದೇ ಹುಡುಗ ಗುರುವಿನ ಬಾಯಲ್ಲಿ ಬಲು ಬುದ್ಧಿವಂತನಾಗಿಬಿಡುತ್ತಾನೆ! ನಗು ಬರುತ್ತದೆ, ನಿಜ. ಆದರೆ ಉಂಗುರ ಕೊಡಲಾಗದ ತಂದೆಯ ಮಗ ಅದೇ ಶಾಲೆಯಲ್ಲಿ ಇದ್ದಿರಲಾರನೇ? ಅವನ ಕಥೆಯನ್ನು ಯಾರೂ ಹಲಗೆಯ ಮೇಲೆ ಬರೆದಿಡಲಿಲ್ಲ.

ನಮ್ಮ ಕನ್ನಡ ನಾಡಿನ ಹಳೆಯ ಶಾಲೆಗಳ ಬಗ್ಗೆ ಬರೆದಿಟ್ಟವನು ಬಳ್ಳಾರಿಯ ಕಲೆಕ್ಟರ್ ಆಗಿದ್ದ ಎ. ಡಿ. ಕ್ಯಾಂಪ್‌ಬೆಲ್. ಮದರಾಸಿನ ಗವರ್ನರ್ ಥಾಮಸ್ ಮನ್ರೋ 1822ರಲ್ಲಿ ಎಲ್ಲ ಜಿಲ್ಲೆಗಳಿಂದ ಶಾಲೆಗಳ ಲೆಕ್ಕ ಕೇಳಿದ. ಮರುವರ್ಷ, 1823ರಲ್ಲಿ, ಕ್ಯಾಂಪ್‌ಬೆಲ್ ತನ್ನ ವರದಿ ಕಳಿಸಿದ. ಬಳ್ಳಾರಿ ಜಿಲ್ಲೆಯಲ್ಲಿ ಆಗ 533 ಶಾಲೆಗಳಿದ್ದವು. ಅವುಗಳಲ್ಲಿ 235 ಕನ್ನಡ ಶಾಲೆಗಳು. ಕಲಿಯುತ್ತಿದ್ದವರು ಒಟ್ಟು 6,641 ಮಂದಿ, ಅವರಲ್ಲಿ ಹೆಣ್ಣುಮಕ್ಕಳು ಬರೀ 60.

ಆ ಶಾಲೆಗಳ ಬೆಳಗು ಹೇಗೆ ಆರಂಭವಾಗುತ್ತಿತ್ತೆಂದು ಅವನು ವಿವರವಾಗಿ ಹೇಳಿದ್ದಾನೆ. ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು. ಎರಡನೆಯವನಿಗೆ ಒಂದು ಸೊನ್ನೆ, ಅಂದರೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಆಮೇಲೆ ಬಂದವರಿಗೆಲ್ಲ ಒಂದೊಂದು ಹೆಚ್ಚು. ಮೂವತ್ತನೆಯವನಾಗಿ ಬಂದವನ ಗತಿಯನ್ನು ನೀವೇ ಲೆಕ್ಕ ಹಾಕಿ. ಪಾಠದಲ್ಲಿ ಹಿಂದೆ ಬಿದ್ದವನಿಗೆ ಬೆತ್ತ. ಅದೂ ಸಾಲದಿದ್ದರೆ ಎರಡೂ ಕೈ ಕಟ್ಟಿ ಸೂರಿಗೆ ತೂಗುಹಾಕುವುದು, ಇಲ್ಲವೇ ಬಿಡದೆ ಕೂತು ಏಳಿಸುವುದು. ತೂಗುಹಾಕುವುದಕ್ಕೆ ನಮ್ಮ ಹಿರಿಯರು ‘ಕೋದಂಡ’ ಎನ್ನುತ್ತಿದ್ದರು. ಕೂತು ಏಳಿಸುವುದು ನಮಗೆಲ್ಲ ಗೊತ್ತಿರುವ ಬಸ್ಕಿ. ಆ ಬಸ್ಕಿಯ ಬಗ್ಗೆ, ನೋವಿನದಾದರೂ ಬಹುಶಃ ಆರೋಗ್ಯಕ್ಕೆ ಒಳ್ಳೆಯದು ಎಂಬ ಅರ್ಥದ ಮಾತನ್ನೂ ಕಲೆಕ್ಟರ್ ಸಾಹೇಬ ಸೇರಿಸಿದ್ದಾನೆ! ಮಳೆಗಾಲದ ಹಳ್ಳ ದಾಟಿ ಬರುವ ಮಗು ಕೊನೆಗೆ ಬರುತ್ತದೆ, ಮನೆಯಲ್ಲಿ ತಮ್ಮನನ್ನು ಮಲಗಿಸಿ ಬರುವ ಮಗು ಕೊನೆಗೆ ಬರುತ್ತದೆ. ಆದರೆ ಅಂಗೈಯ ಲೆಕ್ಕಕ್ಕೆ ಕಾರಣ ಬೇಕಿರಲಿಲ್ಲ.

ಇಷ್ಟೆಲ್ಲ ಬರೆದ ಕ್ಯಾಂಪ್‌ಬೆಲ್ ತಂದೆತಾಯಿಯರ ಬಗ್ಗೆಯೂ ಬರೆದಿದ್ದಾನೆ. ಬಡತನ ಹೆಚ್ಚಿ, ಮೇಷ್ಟ್ರಿಗೆ ಕೊಡಬೇಕಾದ ಅಲ್ಪ ಹಣಕ್ಕೂ ಗತಿಯಿಲ್ಲದೆ ಎಷ್ಟೋ ಜನ ಮಕ್ಕಳನ್ನು ಶಾಲೆ ಬಿಡಿಸುತ್ತಿದ್ದಾರೆ ಎಂದು ಮರುಗಿದ್ದಾನೆ. ಸೂರಿಗೆ ತೂಗುಹಾಕಿದ್ದು ತಂದೆತಾಯಿಗೆ ಒಪ್ಪಿಗೆಯೇ ಎಂದು ಮಾತ್ರ ಕೇಳಿಲ್ಲ. ಕೇಳುವ ಅಗತ್ಯ ಯಾರಿಗೂ ಕಾಣಲಿಲ್ಲ. ಒಪ್ಪಿಗೆ ಇದೆಯೆಂದೇ ಎಲ್ಲರ ಲೆಕ್ಕ.

ಈ ‘ಒಪ್ಪಿಗೆ’ ಎಂಬ ಪದವೇ ಮುಂದೆ ಕಾನೂನಿನೊಳಗೆ ಹೋಗಿ ಕೂತಿತು. 2024ರವರೆಗೆ ಜಾರಿಯಲ್ಲಿದ್ದ 1860ರ ಭಾರತೀಯ ದಂಡ ಸಂಹಿತೆಯ 89ನೆಯ ಕಲಂ ಪ್ರಕಾರ, 12 ವರ್ಷದೊಳಗಿನ ಮಗುವಿನ ಒಳಿತಿಗಾಗಿ, ಅದರ ಪೋಷಕರ ಒಪ್ಪಿಗೆಯಿಂದ, ಸದುದ್ದೇಶದಿಂದ ಮಾಡಿದ ಕೆಲಸ ಅಪರಾಧವಾಗಿರಲಿಲ್ಲ. ಆ ಒಪ್ಪಿಗೆಯನ್ನು ಬಾಯಿಬಿಟ್ಟು ಹೇಳಿರಬೇಕೆಂದೇನೂ ಇರಲಿಲ್ಲ, ನಡವಳಿಕೆಯಿಂದ ಊಹಿಸಿಕೊಂಡರೂ ಸಾಕಾಗಿತ್ತು. ಮಗುವನ್ನು ಶಾಲೆಗೆ ಸೇರಿಸಿದಿರಾ? ಹಾಗಾದರೆ ಮಿತವಾಗಿ ಹೊಡೆಯಲು ಒಪ್ಪಿದಂತೆಯೇ. ಏಟು ತಿಂದ ಮಗುವಿನ ಪ್ರಕರಣ ನ್ಯಾಯಾಲಯಕ್ಕೆ ಹೋದಾಗಲೆಲ್ಲ ಶಿಕ್ಷಕರ ಕಡೆಯವರು ಈ ಕಲಮಿನ ಕೊಡೆ ಬಿಚ್ಚುತ್ತಿದ್ದರು. ‘ದಂಡಂ ದಶಗುಣಂ’ ಎಂದು ಗಂಡಸರು ಜಗಲಿಯ ಮೇಲೆ ಹೇಳುತ್ತಿದ್ದಾಗ, ಒಳಗೆ ಮಗುವಿನ ಬಾಸುಂಡೆಗೆ ಕೊಬ್ಬರಿಎಣ್ಣೆ ಹಚ್ಚುತ್ತಿದ್ದವಳ ಒಪ್ಪಿಗೆಯೂ ಅದರಲ್ಲಿ ಸೇರಿತ್ತೆಂದು ಕಾನೂನು ಊಹಿಸಿಕೊಂಡಿತ್ತು.

ನಾನು ಒಪ್ಪುವುದಿಲ್ಲ ಎಂದು ಕಾಗದದ ಮೇಲೆ ಬರೆದು ಕೊಟ್ಟರೆ ಏನಾಗುತ್ತದೆ? ಇದನ್ನು ಮಾಡಿ ತೋರಿಸಿದವರು ಸ್ಕಾಟ್ಲೆಂಡಿನ ಇಬ್ಬರು ತಾಯಂದಿರು, ಗ್ರೇಸ್ ಕ್ಯಾಂಪ್‌ಬೆಲ್ ಮತ್ತು ಜೇನ್ ಕೋಸನ್ಸ್. ಅಲ್ಲಿನ ಶಾಲೆಗಳಲ್ಲಿ ಬೆತ್ತದ ಬದಲು ಚರ್ಮದ ಪಟ್ಟಿಯಿಂದ ಅಂಗೈಗೆ ಹೊಡೆಯುವ ಪದ್ಧತಿ. ಗ್ರೇಸ್ ಅವರ ಮಗ ಇನ್ನೂ ಪ್ರಾಥಮಿಕ ಶಾಲೆಯ ಹುಡುಗ, ಅವನಿಗೆ ಯಾರೂ ಹೊಡೆದಿರಲಿಲ್ಲ. ಆದರೂ ‘ನನ್ನ ಮಗನಿಗೆ ಈ ಶಿಕ್ಷೆ ಕೊಡುವುದಿಲ್ಲವೆಂದು ಭರವಸೆ ಕೊಡಿ’ ಎಂದು ಅವರು ಕೇಳಿದರು. ಸ್ಥಳೀಯ ಆಡಳಿತ ಕೊಡಲಿಲ್ಲ. ಜೇನ್ ಅವರ ಮಗ 1976ರ ಸೆಪ್ಟೆಂಬರಿನಲ್ಲಿ ಸ್ಮಶಾನದೊಳಗಿನ ಅಡ್ಡದಾರಿಯಲ್ಲಿ ಮನೆಗೆ ಹೋಗಲು ನೋಡಿದನೆಂದು ಪಟ್ಟಿಯ ಏಟಿಗೆ ಗುರಿಯಾದ. ಹುಡುಗ ತಂದೆಯ ಮಾತಿನಂತೆ ಏಟಿಗೆ ಕೈಯೊಡ್ಡಲಿಲ್ಲ. ಶಾಲೆಯವರು ಅವನನ್ನು ಹೊರಗೆ ಹಾಕಿದರು, ಅವನು ಮತ್ತೆ ಆ ಶಾಲೆಗೆ ಹೋಗಲೇ ಇಲ್ಲ. ಈ ಇಬ್ಬರು ತಾಯಂದಿರ ದೂರು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಹೋಯಿತು. 1982ರ ಫೆಬ್ರವರಿ 25ರಂದು ಬಂದ ತೀರ್ಪು ಅವರ ಕಡೆಗಿತ್ತು: ಮಗುವನ್ನು ಹೊಡೆಯಬಾರದೆಂಬ ತಂದೆತಾಯಿಯ ನಂಬಿಕೆಯನ್ನು ಶಾಲೆ ಗೌರವಿಸಲೇಬೇಕು. ಐದು ವರ್ಷದ ನಂತರ, 1987ರಲ್ಲಿ, ಬ್ರಿಟನ್ನಿನ ಸರ್ಕಾರಿ ಶಾಲೆಗಳಿಂದ ಏಟೇ ಹೊರಟುಹೋಯಿತು. ನಮಗೆ ಆ ದಂಡ ಸಂಹಿತೆಯನ್ನು ಬರೆದುಕೊಟ್ಟ ದೇಶವೇ ಅದು!

ನಮ್ಮಲ್ಲೂ ಗಾಳಿ ತಿರುಗುತ್ತಿತ್ತು. 1986ರ ರಾಷ್ಟ್ರೀಯ ಶಿಕ್ಷಣ ನೀತಿ ಶಾಲೆಯಲ್ಲಿ ದೈಹಿಕ ಶಿಕ್ಷೆ ಇರಕೂಡದೆಂದು ಹೇಳಿತು. 1992ರಲ್ಲಿ ಭಾರತ ಮಕ್ಕಳ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯನ್ನು ಒಪ್ಪಿಕೊಂಡಿತು. ಆದರೂ ದೆಹಲಿಯ ಶಾಲಾ ನಿಯಮಗಳಲ್ಲಿ ಅಂಗೈಗೆ ಹತ್ತು ಏಟಿನವರೆಗೆ ಹೊಡೆಯಬಹುದೆಂಬ ಸಾಲು 1973ರಿಂದ ಹಾಗೇ ಉಳಿದಿತ್ತು. ಅದನ್ನು ತೆಗೆಸಿದವರು ಕೂಡ ಪೋಷಕರೇ. ಪೋಷಕರ ಒಂದು ವೇದಿಕೆ ಹೂಡಿದ ಮೊಕದ್ದಮೆಯಲ್ಲಿ ದೆಹಲಿ ಹೈಕೋರ್ಟು 2000ದ ಡಿಸೆಂಬರ್ 1ರಂದು ಆ ನಿಯಮವನ್ನು ರದ್ದುಮಾಡಿತು. ಕೊನೆಗೆ 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆ ತನ್ನ 17ನೆಯ ಕಲಮಿನಲ್ಲಿ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ‘ದಡ್ಡಿ, ಎಮ್ಮೆ ಕಾಯೋಕೆ ಹೋಗು’ ಎಂದು ದಿನವೂ ಎಲ್ಲರೆದುರು ಹಂಗಿಸುವುದೂ ಇದರಲ್ಲಿ ಬರುತ್ತದೆ. ಹಾಗೆ ಮಾಡಿದವರ ಮೇಲೆ ಶಿಸ್ತುಕ್ರಮವೂ ಇದೆ.

ಕಾನೂನು ಹೀಗೆ ಬಂದಿತು. ಆದರೆ ಕಾನೂನು ತಾನಾಗಿಯೇ ಕ್ಲಾಸಿನ ಕಿಟಕಿಯಲ್ಲಿ ಇಣುಕುವುದಿಲ್ಲ, ಯಾರಾದರೂ ಬರೆದುಕೊಡಬೇಕು. ಕೇಂದ್ರ ಸರ್ಕಾರ 13 ರಾಜ್ಯಗಳಲ್ಲಿ ಮಕ್ಕಳನ್ನು ಮಾತಾಡಿಸಿ 2007ರಲ್ಲಿ ಒಂದು ವರದಿ ಹೊರತಂದಿತು. ಶಾಲೆಗೆ ಹೋಗುವ ಮಕ್ಕಳಲ್ಲಿ ಶೇಕಡಾ 65ರಷ್ಟು ಮಂದಿ ಏಟು ತಿಂದಿದ್ದೇವೆ ಎಂದರು. ಅವರಲ್ಲಿ ಹೆಚ್ಚಿನವರು ಅದನ್ನು ಯಾರಿಗೂ ಹೇಳಿರಲಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಪಕ್ಕದ ಬೀದಿಯ ತಾಯಿಯೊಬ್ಬಳು ಒಂದು ಸಂಜೆ ನನ್ನಲ್ಲಿಗೆ ಬಂದಳು. ಮಗಳು ಮೂರನೇ ಕ್ಲಾಸು. ಮಗ್ಗಿ ತಪ್ಪಿದರೆ ಸ್ಕೇಲಿನ ಅಂಚಿನಿಂದ ಬೆರಳ ಗೆಣ್ಣಿನ ಮೇಲೆ ಹೊಡೆಯುತ್ತಿದ್ದರಂತೆ. ಮಗು ಹೇಳಿರಲಿಲ್ಲ. ತುತ್ತು ಕಲೆಸಲಾರದೆ ಚಮಚ ಕೇಳಿದಾಗ ತಾಯಿ ಕೈ ನೋಡಿದಳು. ‘ಅತ್ತೆ, ನಾವೇನು ಏಟು ತಿಂದಿಲ್ವಾ ಅಂತಾರೆ. ಇವರು, ಸುಮ್ನಿರು, ಟೀಸಿ ಕೊಟ್ಟು ಕಳಿಸಿಬಿಟ್ಟಾರು ಅಂತಾರೆ. ನೀವೇ ಹೇಳಿ ಅಕ್ಕಾ’ ಎಂದಳು. ‘ಎಂಟನೇ ಕ್ಲಾಸು ಮುಗಿಯೋವರೆಗೆ ಮಗೂನ ಶಾಲೆಯಿಂದ ತೆಗೆಯೋ ಹಾಗಿಲ್ಲಮ್ಮಾ, ಕಾನೂನೇ ಇದೆ’ ಎಂದೆ. ಅವಳ ಮುಖ ಸ್ವಲ್ಪ ಬಿಚ್ಚಿತು. ಬರೆದು ಮುಗಿಸಿದ ಮೇಲೆ ಕೇಳಿದಳು: ‘ನನ್ನ ಸಹಿ ಸಾಕಾ ಅಕ್ಕಾ? ಅವರದ್ದೂ ಬೇಕಾ?’

ಈ ಪ್ರಶ್ನೆಗೂ ಒಂದು ಚರಿತ್ರೆ ಇದೆ. 1956ರ ಹಿಂದೂ ಅಪ್ರಾಪ್ತ ವಯಸ್ಕರ ಪೋಷಕತ್ವದ ಕಾಯಿದೆ, ಮಗುವಿನ ಸಹಜ ಪೋಷಕ ತಂದೆ, ‘ಅವನ ನಂತರ’ ತಾಯಿ ಎಂದಿತ್ತು. ಲೇಖಕಿ ಗೀತಾ ಹರಿಹರನ್ ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡು ಕೊಳ್ಳಲು ಹೋದಾಗ ತಂದೆಯ ಸಹಿ ಬೇಕೆಂದರು. ಅವರು ಸುಪ್ರೀಂ ಕೋರ್ಟಿಗೆ ಹೋದರು. 1999ರ ಫೆಬ್ರವರಿಯಲ್ಲಿ ಬಂದ ತೀರ್ಪು, ‘ನಂತರ’ ಎಂದರೆ ತಂದೆ ಸತ್ತ ಮೇಲೆ ಎಂದಲ್ಲ, ಅವನು ಮಗುವಿನ ಹೊಣೆ ಹೊತ್ತಿಲ್ಲದಾಗ ತಾಯಿಯೂ ಸಹಜ ಪೋಷಕಿಯೇ ಎಂದು ಬಿಡಿಸಿ ಹೇಳಿತು. ಇನ್ನು ಶಾಲೆಯ ದೂರಿಗಂತೂ ಆ ಚರ್ಚೆಯೇ ಬೇಡ. ಶಿಕ್ಷಣ ಹಕ್ಕು ಕಾಯಿದೆಯ 32ನೆಯ ಕಲಂ ಪ್ರಕಾರ ಮಗುವಿನ ಹಕ್ಕಿನ ಬಗ್ಗೆ ಯಾರು ಬೇಕಾದರೂ ಬರೆದು ದೂರು ಕೊಡಬಹುದು. ಅದೇ ಕಾಯಿದೆ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಸಮಿತಿಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರು, ಅರ್ಧದಷ್ಟು ಹೆಂಗಸರು ಇರಬೇಕೆಂದೂ ಹೇಳುತ್ತದೆ. ‘ನಿನ್ನ ಸಹಿ ಸಾಕು’ ಎಂದೆ. ಅವಳು ಪೂರ್ತಿ ಹೆಸರು ಬರೆದು ಸಹಿ ಹಾಕಿದಳು.

ಅರ್ಜಿ ಮೊದಲು ಹೆಡ್‌ಮಿಸ್ಸಿಗೆ ಹೋಯಿತು. ಹದಿನೈದು ದಿನ ಉತ್ತರವಿಲ್ಲ. ಆಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ, ನಾವು ಬಿಇಒ ಆಫೀಸು ಎನ್ನುತ್ತೇವಲ್ಲ, ಅಲ್ಲಿಗೆ ಒಂದು ಪ್ರತಿ ಹೋಯಿತು. ವಿಚಾರಣೆಯ ದಿನ ಆ ಮಿಸ್ಸೂ ಬಂದಿದ್ದರು. ಐವತ್ತು ಮಕ್ಕಳ ಕ್ಲಾಸು, ಪರೀಕ್ಷೆಯಲ್ಲಿ ಅಂಕ ಕಡಿಮೆಯಾದರೆ ಆಡಳಿತದವರ ಬೈಗುಳ, ಸಿಗುವ ಸಂಬಳ ಅಷ್ಟಕ್ಕಷ್ಟೆ. ಅವರೂ ಅತ್ತುಕೊಂಡೇ ಹೇಳಿದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೆ ಅದರ ಭಾರವನ್ನು ಎಂಟು ವರ್ಷದ ಮಗುವಿನ ಬೆರಳು ಹೊರಬೇಕಾಗಿರಲಿಲ್ಲ. ಇನ್ನು ಮುಂದೆ ಕೈ ಎತ್ತುವುದಿಲ್ಲ ಎಂದು ಅವರು ಬರೆದುಕೊಟ್ಟರು. ಶಾಲೆಗೆ ನೋಟೀಸು ಬಂತು. ಮಗು ಅದೇ ಶಾಲೆಯಲ್ಲಿ ಓದು ಮುಂದುವರಿಸಿತು. ಕೆಲವು ದಿನ ಆ ಮಿಸ್ಸು ಅವಳನ್ನು ಪ್ರಶ್ನೆಯೇ ಕೇಳಲಿಲ್ಲವಂತೆ. ತಾಯಿ ಮತ್ತೆ ಹೋಗಿ ಅದನ್ನೂ ಹೇಳಿ ಬಂದಳು.

ದೂರು ಕೊಡುವುದೆಂದರೆ ಎದುರಿನವರನ್ನು ಬೀದಿಗೆ ಎಳೆಯುವುದೆಂದು ಯಾರೂ ತಿಳಿಯಬಾರದು. ಅದೇ 32ನೆಯ ಕಲಂ ಎರಡೂ ಕಡೆಯವರ ಮಾತು ಕೇಳಿ ಮೂರು ತಿಂಗಳೊಳಗೆ ತೀರ್ಮಾನಿಸಬೇಕೆನ್ನುತ್ತದೆ. ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಇದೆ. ನಮ್ಮ ಕರ್ನಾಟಕ ಶಿಕ್ಷಣ ಕಾಯಿದೆಯೂ ವಿಚಾರಣೆ ಇಲ್ಲದೆ ಶಿಕ್ಷಕರನ್ನು ಕೆಲಸದಿಂದ ತೆಗೆಯಲು ಬಿಡುವುದಿಲ್ಲ. ಬರೆದುಕೊಟ್ಟ ದೂರು ಮಗುವನ್ನು ಕಾಯುವಂತೆ ಶಿಕ್ಷಕರನ್ನೂ ಬೀದಿಮಾತಿನಿಂದ ಕಾಯುತ್ತದೆ. ಗೇಟಿನ ಮುಂದೆ ನಿಂತು ನಾಲ್ಕು ಜನ ಆಡುವ ಗುಸುಗುಸುವಿಗೆ ಉತ್ತರ ಕೊಡಲು ಯಾರಿಂದ ಸಾಧ್ಯ?

ಒಂದು ವಿಷಯದಲ್ಲಿ ಮಾತ್ರ ಶಾಲೆಯೊಳಗೇ ಮುಗಿಸೋಣ ಎಂಬ ಮಾತಿಗೆ ಒಪ್ಪಬೇಡಿ. ಮಗುವಿನ ಮೈ ಮುಟ್ಟಬಾರದ ರೀತಿಯಲ್ಲಿ ಯಾರಾದರೂ ಮುಟ್ಟಿದ್ದರೆ ಅದು ಪೊಲೀಸರಿಗೆ ಹೋಗಬೇಕಾದ ದೂರು. 2012ರ ನವೆಂಬರ್ 14ರಂದು ಜಾರಿಗೆ ಬಂದ ಪೋಕ್ಸೋ ಕಾಯಿದೆಯ ಪ್ರಕಾರ ವಿಷಯ ತಿಳಿದೂ ಮುಚ್ಚಿಟ್ಟ ಶಾಲೆಯ ಮುಖ್ಯಸ್ಥರಿಗೂ ಶಿಕ್ಷೆ ಇದೆ. 2014ರ ಜುಲೈನಲ್ಲಿ ಬೆಂಗಳೂರಿನ ಪೂರ್ವ ಭಾಗದ ಒಂದು ಖಾಸಗಿ ಶಾಲೆಯಲ್ಲಿ ಆರು ವರ್ಷದ ಹೆಣ್ಣುಮಗುವಿನ ಮೇಲೆ ಅತ್ಯಾಚಾರವಾಯಿತೆಂಬ ದೂರು ಹೊರಬಂದಾಗ ಸಾವಿರಾರು ತಂದೆತಾಯಿಯರು ಬೀದಿಗೆ ಇಳಿದದ್ದು ನಿಮಗೆ ನೆನಪಿರಬಹುದು. ಶಾಲೆಗಳಲ್ಲಿ ಕ್ಯಾಮೆರಾ ಇರಬೇಕು, ಕೆಲಸಕ್ಕೆ ಸೇರುವವರ ಹಿನ್ನೆಲೆ ನೋಡಬೇಕು ಎಂಬ ಸೂಚನೆಗಳು ಅದಾದ ಮೇಲೆ ಬಂದವು. ಒಂದು ಮನೆಯವರು ಮಾನಕ್ಕೆ ಅಂಜದೆ ಕೊಟ್ಟ ದೂರು ಊರಿನ ಎಷ್ಟೋ ಮಕ್ಕಳಿಗೆ ಕಾವಲಾಯಿತು.

ಉಳಿದ ದೂರುಗಳನ್ನು ಬರೆಯುವ ಬಗೆ ಕಷ್ಟದ್ದೇನಲ್ಲ. ಯಾವ ದಿನ, ಯಾವ ಪಿರಿಯಡ್ಡು, ಏನಾಯಿತು, ಇಷ್ಟನ್ನು ಮೊದಲು ಬರೆಯಿರಿ. ಮಗು ಹೇಳಿದ್ದನ್ನು ಮಗುವಿನ ಮಾತಿನಲ್ಲೇ ಬರೆಯಿರಿ, ನಿಮ್ಮ ಸಿಟ್ಟನ್ನು ಅದರೊಳಗೆ ಬೆರೆಸಬೇಡಿ. ಹತ್ತು ಸಲ ಕೇಳಿ ಮಗುವಿನ ಬಾಯಲ್ಲಿ ಮಾತು ತುರುಕಬೇಡಿ. ಗಾಯವಿದ್ದರೆ ವೈದ್ಯರ ಚೀಟಿ ಜೊತೆಗಿಡಿ. ‘ಅವರು ಕೆಟ್ಟವರು’ ಎಂದು ಬರೆಯುವ ಬದಲು, ಏನು ನಿಲ್ಲಬೇಕೆಂದು ಬರೆಯಿರಿ. ದೂರು ಕೊಟ್ಟ ಕಾರಣಕ್ಕೆ ಮಗುವಿಗೆ ತೊಂದರೆಯಾಗಕೂಡದು ಎಂಬ ಒಂದು ಸಾಲನ್ನು ಕೊನೆಗೆ ಸೇರಿಸಿ, ಅದು ಮುಂದೆ ನಿಮ್ಮ ಕೈ ಹಿಡಿಯುತ್ತದೆ.

ಇನ್ನೊಂದು ಮಾತು. ಅರ್ಜಿಯ ಎರಡು ಪ್ರತಿ ಮಾಡಿಸಿ. ಒಂದನ್ನು ಕಚೇರಿಗೆ ಕೊಡಿ, ಇನ್ನೊಂದರ ಮೇಲೆ ತಾರೀಖು ಸಮೇತ ಸೀಲು ಹಾಕಿಸಿಕೊಂಡು ಬನ್ನಿ. ಗುಮಾಸ್ತರು ‘ಇಟ್ಟು ಹೋಗಿಮ್ಮಾ, ನೋಡ್ತೀವಿ’ ಎನ್ನುತ್ತಾರೆ. ನಗುತ್ತಲೇ ಅಲ್ಲಿಯೇ ನಿಂತಿರಿ, ಸೀಲು ಬೀಳುವವರೆಗೆ.